ಒಪೋಸಮ್‌ನ ದವಡೆಯ ಕುರು ಎರಡು ಕೋರ್ಸ್ ಮದ್ದು ಕೊಟ್ಟರೂ ವಾಸಿಯಾಗುತ್ತಿಲ್ಲ, ಏನು ಮಾಡಲಿ?

ನಾರ್ತ್ ಕ್ಯಾರೊಲೈನಾದ ಆರೈಕೆ ಕೇಂದ್ರದಲ್ಲಿ ನೀವು ನೋಡಿಕೊಳ್ಳುತ್ತಿರುವ, ಹೊಟ್ಟೆಯ ಚೀಲದಲ್ಲಿ ಮರಿ ಹೊರುವ ಬೆಕ್ಕಿನ ಗಾತ್ರದ ಕಾಡುಪ್ರಾಣಿ ಒಪೋಸಮ್‌ಗೆ ಎರಡು ಸಲ ಆಂಟಿಬಯೋಟಿಕ್ ಮುಗಿದರೂ ಕುರು ಮತ್ತೆ ಊದಿದೆ, ಇನ್ನೂ ಜೋರಾದ ಮದ್ದು ಬೇಕಾ ಅಂತ ಕೇಳಿದ್ದೀರಿ. ನಾನು ಟೆಕ್ಸಾಸ್‌ನಲ್ಲಿ ಇಂಥದ್ದೇ ಕೇಂದ್ರದಲ್ಲಿ ಆರು ವರ್ಷದಿಂದ ಸ್ವಯಂಸೇವಕಿ. ಮದ್ದು ಬದಲಿಸುವ ಮೊದಲು ಕೀವು ಎಲ್ಲಿಂದ ಬರುತ್ತಿದೆ ಅಂತ ಹುಡುಕಿಸಿ.

ನಮ್ಮಲ್ಲಿಗೆ ಒಮ್ಮೆ ಕಾರು ಬಡಿದ ಹೆಣ್ಣು ಒಪೋಸಮ್ ಬಂತು. ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಊತ. ಮದ್ದು ಕೊಟ್ಟಾಗ ಇಳಿಯುತ್ತಿತ್ತು, ನಿಲ್ಲಿಸಿದ ವಾರಕ್ಕೆ ಮತ್ತೆ ಏಳುತ್ತಿತ್ತು. ಮೂರನೇ ಸಲ ವೆಟ್ (ಪಶುವೈದ್ಯರು) ಅರಿವಳಿಕೆ ಕೊಟ್ಟು ಬಾಯಿ ತೆರೆದು ನೋಡಿದರು. 50 ಹಲ್ಲಿನ ಬಾಯಿ ಅದು, ಎಚ್ಚರವಿದ್ದಾಗ ಹಿಂದಿನ ಹಲ್ಲುಗಳನ್ನು ಸರಿಯಾಗಿ ನೋಡೋಕೆ ಬಿಡುತ್ತಾ? ಒಂದು ಹಲ್ಲು ಮುರಿದು ಬೇರು ಒಳಗೇ ಕೊಳೆಯುತ್ತಿತ್ತು. ಕುರು ಕೊಯ್ದರೆ ಕೀವು ಹರಿಯಲೇ ಇಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿನ ಹಾಗೆ ಮುದ್ದೆಮುದ್ದೆಯಾಗಿ ಬಂತು. ಅಂಥದ್ದರ ಒಳಗೆ ಮದ್ದು ಇಳಿಯೋದು ತುಂಬಾ ಕಷ್ಟ.

ಬೇರು ಕಿತ್ತರು. ಗಾಯಕ್ಕೆ ಹೊಲಿಗೆ ಹಾಕದೆ ಬಿಟ್ಟರು. ದಿನಕ್ಕೆ ಎರಡು ಸಲ ಸಿರಿಂಜ್‌ನಲ್ಲಿ ಸಲೈನ್ ಹಾಕಿ ತೊಳೆಯುವುದು ನನ್ನ ಪಾಲಿನ ಕೆಲಸ. ಗಾಯ ಒಳಗಿನಿಂದ ತುಂಬಿಕೊಂಡು ಬರಬೇಕು. ಮೇಲಿನ ಚರ್ಮ ಮೊದಲೇ ಕೂಡಿಕೊಂಡರೆ ಕೀವು ಮತ್ತೆ ಒಳಗೆ ಸಿಕ್ಕಿಬೀಳುತ್ತದೆ. ನಾಲ್ಕನೇ ದಿನ ರಾತ್ರಿ ಅದು ತಾನಾಗೇ ಬೇಯಿಸಿದ ಮೊಟ್ಟೆ ತಿಂದಿತು. ನನಗೆ ಅಳುವೇ ಬಂತು.

ಇನ್ನೊಂದು, ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ಟೆಸ್ಟ್ ಮಾಡಿಸಿ. ಮೇಲೆ ಒಸರಿದ ಕೀವು ಬೇಡ, ಕುರುವಿನ ಒಳಗೋಡೆಯಿಂದ ತೆಗೆದ ಸ್ಯಾಂಪಲ್ ಬೇಕು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮದ್ದು ನಾಟುತ್ತದೆ ಅಂತ ಆಗ ಗೊತ್ತಾಗುತ್ತದೆ. ಅದಿಲ್ಲದೆ ಎನ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟು ನೋಡೋಣ, ಆಮೇಲೆ ಇನ್ನೊಂದು ನೋಡೋಣ ಅಂತ ಹೋದರೆ ಸುಮ್ನೆ ದಿನ ಹಾಳು. ನಾವೂ ಆ ತಪ್ಪು ಮಾಡಿದ್ದೆವು, ನೋವು ತಿಂದಿದ್ದು ಆ ಪ್ರಾಣಿ. ಬೆಕ್ಕು ಕಚ್ಚಿದ್ದಾದರೆ ವೆಟ್‌ಗೆ ಅದನ್ನೂ ಹೇಳಿ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಆಳದ ಗಾಯ.

ಜ್ವರ ನೋಡುವಾಗ ನಾಯಿಯ ಲೆಕ್ಕ ಹಾಕಬೇಡಿ. ಒಪೋಸಮ್‌ಗೆ ಸುಮಾರು 94ರಿಂದ 97 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. ನಾಯಿಗೆ ಸಹಜವಾದ 101 ಇದಕ್ಕೆ ಜ್ವರ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ದವಡೆ ಮೂಳೆಯೇ ಮೆತ್ತಗಾಗುತ್ತದೆ, ಹಾಗಾಗಿ ಬರೀ ಮಾಂಸ ಹಾಕಬೇಡಿ.

ಕಿವಿಯ ಅಂಚು ಅಥವಾ ಬಾಲದ ತುದಿ ಕಪ್ಪಾಗಿ, ಒಣಗಿ, ಗರಿಗರಿಯಾದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸೋಂಕು ರಕ್ತಕ್ಕೆ ಸೇರಿರಬಹುದು. ಆಗಲೇ ವೆಟ್ ಹತ್ತಿರ ಒಯ್ಯಿರಿ.

ದವಡೆಯ ಎಕ್ಸ್‌ರೇ ತೆಗೆಸಿದ್ದೀರಾ? ತೆಗೆಸಿದ್ದರೆ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.