ಬೆರಳಿಗೂ ಸಿಗುವ ಹೆಸರು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆದದ್ದು.)

ಆಕೆಗೆ 26 ವರ್ಷ. ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಅರ್ಧ ಗಂಟೆ ನಿದ್ದೆಯ ಬಗ್ಗೆಯೇ ಮಾತಾಡಿದೆವು. ಅಷ್ಟೂ ಹೊತ್ತು ಅಂಗಿಯ ಎಡತೋಳನ್ನು ಬೆರಳಿನವರೆಗೆ ಎಳೆದುಕೊಳ್ಳುತ್ತಲೇ ಇದ್ದರು. ಕೈಗೆ ಏನಾಯ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂಗಿಯ ತೋಳು ಮೇಲಕ್ಕೆ ಮಡಚಿದರು.

ಮಣಿಕಟ್ಟಿನ ಒಳಗಡೆ ಮೂರಕ್ಷರದ ಹೆಸರು, ಕಪ್ಪು ಹಚ್ಚೆ. ಮೊದಲ ಅಕ್ಷರ ಹಾಗೇ ಇತ್ತು. ನಡುವಿನದರ ಮೇಲೆ ಹಕ್ಕಳೆ ಕಟ್ಟಿತ್ತು, ಅಂಚು ಇನ್ನೂ ಹಸಿ. ಕೊನೆಯದು ವಾಸಿಯಾಗಿತ್ತು. ಆದರೆ ಉಬ್ಬಿಕೊಂಡು, ಆ ಅಕ್ಷರದ ಆಕಾರದಲ್ಲೇ.

"ಮುಂಚೆ ಕಣ್ಣಿಗೆ ಮಾತ್ರ ಕಾಣ್ತಿತ್ತು ಮೇಡಂ. ಈಗ ಕತ್ತಲಲ್ಲಿ ಬೆರಳಾಡಿಸಿದ್ರೂ ಗೊತ್ತಾಗತ್ತೆ."

ಸಂಬಂಧ ಮುರಿದು ಎಂಟು ತಿಂಗಳಾಗಿತ್ತು. ಮೊದಲು ನಿಂಬೆರಸ ಹಚ್ಚಿದ್ದಾರೆ, ಏನೂ ಆಗಲಿಲ್ಲ. ಆಮೇಲೆ ಉಪ್ಪು ಹಾಕಿ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ರಕ್ತ ಬರುವವರೆಗೆ ತಿಕ್ಕಿದ್ದಾರೆ. ಅದೇ ಆ ಉಬ್ಬಿದ ಅಕ್ಷರ. ಮೂರನೆಯ ಪ್ರಯತ್ನ ಆನ್‌ಲೈನ್‌ನಲ್ಲಿ ತರಿಸಿದ ಮುಲಾಮು. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಟ್ರೈಕ್ಲೋರೋಅಸಿಟಿಕ್ ಆಸಿಡ್ ಅಂತಿತ್ತು, ಚರ್ಮ ಸುಡುವ ಆಮ್ಲ ಅದು. ಹಚ್ಚಿ ರಾತ್ರಿಯಿಡೀ ಬಿಟ್ಟಿದ್ದರು. ಬೆಳಗ್ಗೆ ನೋಡಿದರೆ ಬೊಬ್ಬೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಗಿತ್ತು. ಇಷ್ಟಾದರೂ ಮನೆಯಲ್ಲೇ ಬಳಸುವ ಲೇಸರ್ ಪೆನ್ ಒಂದನ್ನು ತರಿಸಿಟ್ಟಿದ್ದರು. ಇನ್ನೂ ಬಾಕ್ಸ್ ಒಡೆದಿರಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಮುಲಾಮು ಅಲ್ಲ, ಹೊತ್ತು. ಉಜ್ಜಿದ್ದೆಲ್ಲಾ ರಾತ್ರಿ ಒಂದು ಗಂಟೆಯ ಮೇಲೆ, ಫೋನಿನಲ್ಲಿ ಹಳೆಯ ಫೋಟೋ ನೋಡಿದ ಮೇಲೆ. "ಉರಿ ಶುರುವಾದ್ರೆ ತಲೆ ಖಾಲಿ ಆಗತ್ತೆ, ಹಾಯ್ ಅನ್ಸತ್ತೆ" ಅಂದರು. ಹೀಗಂದಾಗ ಸುತ್ತಿ ಬಳಸಿ ಕೇಳಬಾರದು. ನೇರವಾಗಿ ಕೇಳಿದೆ: "ಸಾಯಬೇಕು ಅಂತ ಅನ್ಸಿದೆಯಾ? ಬೇರೆ ಕಡೆ ಎಲ್ಲಾದ್ರೂ ಗಾಯ ಮಾಡ್ಕೊಂಡಿದ್ದೀರಾ?" ಇಲ್ಲ, ಹೆಸರು ಹೋದರೆ ಸಾಕು ಅಂದರು. ಆ ಮಾತನ್ನು ನಂಬಿದೆ. ಆದರೂ ಮುಂದಿನ ಪ್ರತಿ ಭೇಟಿಯಲ್ಲೂ ಅದೇ ಪ್ರಶ್ನೆ ಕೇಳಿದ್ದೇನೆ. ಅಳಿಸೋಕೆ ಉಜ್ಜುವುದು ಬೇರೆ, ಉರಿಗೋಸ್ಕರ ಉಜ್ಜುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ಯಾವಾಗ ದಾಟಿದೆವು ಅಂತ ಉಜ್ಜುವವರಿಗೇ ಗೊತ್ತಾಗುವುದಿಲ್ಲ.

ಆಮೇಲೆ ಒಂದು ಕಾಗದ ತಗೊಂಡು ಚರ್ಮದ ಚಿತ್ರ ಬರೆದೆ. ನನ್ನ ಚಿತ್ರಕಲೆ ಅಷ್ಟಕ್ಕಷ್ಟೇ, ಆದರೂ ಕೆಲಸಕ್ಕೆ ಬಂತು. ಮೇಲಿನ ಪದರ ತುಂಬಾ ತೆಳು. ಕೈ ಮೇಲೆ ಅದು ಸುಮಾರು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಅಷ್ಟೇ. ಅದು ಉದುರುತ್ತಾ, ಹೊಸದಾಗುತ್ತಾ ಇರುತ್ತದೆ. ಹಚ್ಚೆ ಅಲ್ಲೇ ಇದ್ದಿದ್ದರೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತಿತ್ತು. ಸೂಜಿ ಅದನ್ನು ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಪದರಕ್ಕೆ ಇಳಿಸುತ್ತದೆ. ಅಲ್ಲಿನ ರಕ್ಷಣಾ ಕಣಗಳು ಆ ಬಣ್ಣ ನುಂಗಿ ಕೂತಿರುತ್ತವೆ. ನಿಂಬೆರಸ ಅಲ್ಲಿಗೆ ಮುಟ್ಟುವುದೇ ಇಲ್ಲ, ಮೇಲಿನ ಚರ್ಮ ಸುಡುತ್ತದೆ, ಅಷ್ಟೇ. ಉಪ್ಪು ಮತ್ತು ಕಲ್ಲು ಮುಟ್ಟಬಹುದು, ಆದರೆ ನಡುವಿನ ಚರ್ಮವನ್ನೆಲ್ಲಾ ಕಿತ್ತುಕೊಂಡು. ಲೇಸರ್ ಬರುವ ಮೊದಲು ಡಾಕ್ಟರುಗಳೇ ಚರ್ಮ ಮರಗಟ್ಟಿಸಿ ಉಪ್ಪಿನಿಂದ ಉಜ್ಜುತ್ತಿದ್ದದ್ದುಂಟು. ಹಚ್ಚೆ ಹೋದ ಜಾಗದಲ್ಲಿ ಗಾಯದ ಕಲೆ ಉಳಿಯುತ್ತಿತ್ತು. ಆ ಪದ್ಧತಿ ಸುಮ್ನೆ ಬಿದ್ದುಹೋಗಲಿಲ್ಲ, ಅಲ್ವಾ?

"ಮತ್ತೆ ಮುಲಾಮು ಹಾಕಿ ಹಚ್ಚೆ ಹೋದವರ ಫೋಟೋ ಇದ್ವಲ್ಲ?" ಅಂತ ಕೇಳಿದರು. ಆಸಿಡ್ ಜೋರಾಗಿದ್ದರೆ ಸ್ವಲ್ಪ ಬಣ್ಣ ಹೋಗಲೂಬಹುದು, ಆದರೆ ಚರ್ಮ ಸುಟ್ಟು ಹೋಗುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮನೆಯಲ್ಲಿ ಹಚ್ಚೆ ತೆಗೆಯುವ ಯಾವ ಮುಲಾಮಿಗೂ ಒಪ್ಪಿಗೆ ಕೊಟ್ಟಿಲ್ಲ. ಫೋಟೋದಲ್ಲಿ ಆರು ತಿಂಗಳ ನಂತರದ ಕಲೆ ಯಾರೂ ತೋರಿಸುವುದಿಲ್ಲ. ಲೇಸರ್ ಪೆನ್ನಿನ ಬಗ್ಗೆ ಒಂದೇ ಮಾತು ಹೇಳಿದೆ, ಬಾಕ್ಸ್ ಒಡೆಯಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಆ ದಿನಕ್ಕೆ ಕೊಟ್ಟ ಸಲಹೆ ಚಿಕ್ಕದು. ಗಾಯವನ್ನು ಮೆತ್ತನೆ ಸೋಪು, ನೀರಿನಿಂದ ತೊಳೆದು, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ, ಶುಭ್ರ ಬಟ್ಟೆಯ ಪಟ್ಟಿ ಕಟ್ಟಿ. ಹಕ್ಕಳೆ ಕೀಳಬೇಡಿ. ನಾಳೆಯೇ ಚರ್ಮದ ಡಾಕ್ಟರಿಗೆ ತೋರಿಸಿ, ಏನೇನು ಹಚ್ಚಿದ್ದೀರಿ ಅಂತ ಮುಚ್ಚಿಡದೆ ಹೇಳಿ, ಟೆಟನಸ್ ಇಂಜೆಕ್ಷನ್ ಬೇಕಾ ಕೇಳಿ. ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬೇಡಿ.

ರಾತ್ರಿಯ ಬಗ್ಗೆಯೇ ಜಾಸ್ತಿ ಹೊತ್ತು ಮಾತಾಡಿದ್ದು. ಫೋಟೋಗಳನ್ನು ಅಳಿಸಿ ಅಂತ ನಾನು ಹೇಳಲಿಲ್ಲ, ಅದೂ ಒಂದು ಥರದ ಉಜ್ಜುವುದೇ. ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಅಕ್ಕನ ಹತ್ತಿರ ಕೊಟ್ಟರು. ಕಲ್ಲು, ಮುಲಾಮಿನ ಡಬ್ಬಿ, ಆ ಬಾಕ್ಸ್ ಕೂಡ ಅಕ್ಕನ ಬೀರುವಿಗೆ ಹೋದವು. ಫೋನ್ ನಡುಮನೆಯಲ್ಲಿ ಚಾರ್ಜಿಗೆ. ಉಜ್ಜಬೇಕು ಅನ್ನಿಸಿದರೆ ಮೊದಲು ಅಕ್ಕನನ್ನು ಎಬ್ಬಿಸುವುದು. "ಅವಳು ಬೈತಾಳೆ" ಅಂದರು. ಬೈಯಲಿ ಬಿಡಿ ಅಂದೆ. ಮೊದಲ ವಾರ ಎರಡು ಸಲ ಎಬ್ಬಿಸಿದರು. ಅಕ್ಕ ಒಂದು ಸಲ ನಿಜವಾಗಿಯೂ ಬೈದರು.

ಎರಡನೇ ಭೇಟಿಗೆ ಡಾಕ್ಟರ್ ಹೇಳಿದ್ದನ್ನು ಬರೆದುಕೊಂಡು ಬಂದಿದ್ದರು. ಗಾಯ ಪೂರ್ತಿ ಮಾಗಬೇಕು, ಅದಕ್ಕೇ ಕೆಲವು ತಿಂಗಳು ಬೇಕು. ಆಮೇಲೆ ಲೇಸರ್. ಅದು ಬಣ್ಣವನ್ನು ಸಣ್ಣ ಚೂರು ಮಾಡುತ್ತದೆ, ಹೊರಗೆ ಸಾಗಿಸುವುದು ದೇಹದ ಕೆಲಸ. ಹಾಗಾಗಿ ಒಂದು ಸಲಕ್ಕೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡಬೇಕು. ಒಟ್ಟು ಎಷ್ಟು ಸಲ ಅಂತ ಮೊದಲೇ ಹೇಳೋಕಾಗಲ್ಲ. ಹತ್ತು ಆದರೂ ಆಶ್ಚರ್ಯವಿಲ್ಲ. ಕಪ್ಪು ಬಣ್ಣ ಬೇಗ ಬಿಡುತ್ತದೆ, ಅದೊಂದು ಅನುಕೂಲ. ಕಪ್ಪು ಹಚ್ಚೆಗೂ ಕಂದು ಮೈಬಣ್ಣಕ್ಕೂ 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಹೊಂದುತ್ತದೆ, ಅದು ಚರ್ಮದ ಬಣ್ಣವನ್ನು ಕಡಿಮೆ ಮುಟ್ಟುತ್ತದೆ. ಉಬ್ಬಿದ ಅಕ್ಷರ ಮಾತ್ರ ಕಷ್ಟ. ಕಲೆಯ ಕೆಳಗಿರುವ ಬಣ್ಣ ತೆಗೆಯಲು ಜಾಸ್ತಿ ಸಲ ಬೇಕಾಗುತ್ತದೆ, ಬಣ್ಣ ಹೋದರೂ ಉಬ್ಬು ಉಳಿಯಬಹುದು.

"ಒಂದು ವರ್ಷಕ್ಕಿಂತ ಜಾಸ್ತಿ ಇದನ್ನ ಇಟ್ಕೊಂಡು ಓಡಾಡ್ಬೇಕಾ?" ಅಂತ ಅಂದು ತುಂಬಾ ಅತ್ತರು. ಅಳಲಿ ಅಂತ ಬಿಟ್ಟೆ. ಆಮೇಲೆ ಆ ವರ್ಷಕ್ಕೆ ಬೇಕಾದ್ದನ್ನು ಜೋಡಿಸಿದೆವು. ಅಗಲ ಪಟ್ಟಿಯ ವಾಚು. ಗಾಯ ಮಾಗಿದ ಮೇಲೆ ಕಲೆ ಮರೆಮಾಡುವ ಮೈಬಣ್ಣದ ಕನ್ಸೀಲರ್. ಮೇಲೊಂದು ಹೊಸ ಚಿತ್ರ ಹಾಕಿಸಿ ಮುಚ್ಚಿಸುವ ಯೋಚನೆಯೂ ಬಂತು. ಆರು ತಿಂಗಳು ಆ ಮಾತು ಬೇಡ ಅಂದೆ, ಅವಸರದಲ್ಲಿ ಹಾಕಿಸಿದ್ದನ್ನು ಅವಸರದಲ್ಲಿ ಮುಚ್ಚುವುದು ನನಗೆ ಸರಿ ಕಾಣಲಿಲ್ಲ. ಯಾರಾದರೂ "ಯಾರ ಹೆಸರು?" ಅಂದರೆ ಏನು ಹೇಳುವುದು? ನಾಲ್ಕೈದು ಉತ್ತರ ಆಡಿ ನೋಡಿದರು. ಕೊನೆಗೆ "ಹಳೇದು, ತೆಗೆಸ್ತಾ ಇದೀನಿ" ಅನ್ನುವುದು ನಾಲಿಗೆಗೆ ಹಿಡಿಸಿತು.

ಈಗ ಲೇಸರ್ ಎರಡು ಸಲ ಆಗಿದೆ. ಮೊದಲ ಅಕ್ಷರ ಬೂದಿ ಬಣ್ಣಕ್ಕೆ ತಿರುಗಿದೆ. ಕೊನೆಯದು ಹೆಚ್ಚುಕಮ್ಮಿ ಹಾಗೇ ಇದೆ. ಉಬ್ಬಿಗೆ ಸಿಲಿಕೋನ್ ಜೆಲ್ ಹಚ್ಚುತ್ತಿದ್ದಾರೆ. ನಿದ್ದೆ ಬರುತ್ತಿದೆ, ದಿನಾ ಅಲ್ಲ. ಮುಂದಿನ ಭೇಟಿ ಮೂರನೇ ಲೇಸರ್ ಆದ ವಾರಕ್ಕೆ ಇಟ್ಟುಕೊಂಡಿದ್ದೇವೆ. ಅಕ್ಕನೂ ಬರ್ತೀನಿ ಅಂದಿದ್ದಾರೆ.