ತಂದೆಗಿದ್ದ ಮೂಗಿನ ದುರ್ಮಾಂಸ ಮಕ್ಕಳಿಗೂ ಬರುವುದೇ?

ಪ್ರಶ್ನೆ: ನನಗೆ 44 ವರ್ಷ. ಬಹಳ ಕಾಲದಿಂದ ಆಸ್ತಮಾ ಇದೆ. ಈಗ ಮೂಗಿನ ಎರಡೂ ಹೊಳ್ಳೆಗಳಲ್ಲಿ ಪಾಲಿಪ್ ಬೆಳೆದಿದೆ, ವಾಸನೆಯೂ ತಿಳಿಯುತ್ತಿಲ್ಲ. ಊರಿನಲ್ಲಿರುವ ನನ್ನ ತಂದೆಯವರಿಗೂ ಆಸ್ತಮಾದ ಜೊತೆಗೆ ಇದೇ ದುರ್ಮಾಂಸ ಇತ್ತು. 15 ವರ್ಷದ ಮಗನಿಗೆ ಮಳೆಗಾಲದಲ್ಲಿ ಮೂಗು ಕಟ್ಟುತ್ತದೆ. ಇದು ವಂಶಪಾರಂಪರ್ಯವೇ? ಅವನಿಗೆ ಜೀನ್ ಪರೀಕ್ಷೆ ಮಾಡಿಸಬೇಕೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಪಾಲಿಪ್ ಇರುವವರ ಹೆತ್ತವರು, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಅದು ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚು. ಆದರೆ ತಂದೆಯಿಂದ ಮಗನಿಗೆ ಬರುವುದು ರೋಗವಲ್ಲ, ರೋಗದತ್ತ ಇರುವ ಒಲವು ಮಾತ್ರ. ಅನೇಕ ಜೀನ್‌ಗಳು ಸ್ವಲ್ಪ ಸ್ವಲ್ಪವೇ ಪ್ರಭಾವ ಬೀರಿ, ಶ್ವಾಸಮಾರ್ಗದ ಒಳಪೊರೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಜಮಾಯಿಸುವ ಬಗೆಯ ಉರಿಯೂತಕ್ಕೆ ದಾರಿ ಮಾಡಿಕೊಡುತ್ತವೆ. ಆ ಉರಿಯೂತ ಶ್ವಾಸನಾಳದಲ್ಲಿ ಆಸ್ತಮಾ ಆಗಿಯೂ ಮೂಗು ಮತ್ತು ಸೈನಸ್‌ಗಳಲ್ಲಿ ಪಾಲಿಪ್ ಆಗಿಯೂ ಪ್ರಕಟವಾಗುವುದರಿಂದ ಇವೆರಡೂ ಒಬ್ಬರಲ್ಲೇ ಜೊತೆಯಾಗಿ ಇರುವುದುಂಟು. ರಕ್ಷಿಸುವ ಜೀನ್ ವ್ಯತ್ಯಾಸಗಳೂ ಇವೆ: ಎಎಲ್‌ಒಎಕ್ಸ್15 ಎಂಬ ಜೀನ್‌ನ ಕೆಲಸವನ್ನು ಕುಂದಿಸುವ ಅಪರೂಪದ ಬದಲಾವಣೆಯೊಂದು ಪಾಲಿಪ್ ಬಾರದಂತೆ ಕಾಪಾಡುತ್ತದೆ ಎಂದು 2019ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ತೋರಿಸಿದರು.

ಆದ್ದರಿಂದ ಮಗನಿಗೆ ಜೀನ್ ಪರೀಕ್ಷೆ ಬೇಡ; ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ, ಹಣ ಮಾತ್ರ ಖರ್ಚಾಗುತ್ತದೆ. ಇದಕ್ಕೊಂದು ಅಪವಾದವಿದೆ. ಈ ದುರ್ಮಾಂಸ ಸಾಮಾನ್ಯವಾಗಿ ವಯಸ್ಕರ ತೊಂದರೆ. ಮಕ್ಕಳಲ್ಲಿ ನಿಜವಾದ ಪಾಲಿಪ್ ಕಂಡರೆ, ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಸಿಎಫ್‌ಟಿಆರ್ ಜೀನ್ ಬಂದಾಗ ಉಂಟಾಗುವ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ ಮುಂತಾದೆಡೆ ಲೋಳೆ ಗಟ್ಟಿಯಾಗುವ ಕಾಯಿಲೆ) ಇಲ್ಲವೆಂದು ಬೆವರಿನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಗೋಡೆಗಳಿಗೆ ಬೂಸ್ಟು ಹಿಡಿಯುವ ಮನೆಗಳಲ್ಲಿ ಹುಡುಗರ ಮೂಗು ಕಟ್ಟುವುದಕ್ಕೆ ಹೆಚ್ಚಾಗಿ ಅಲರ್ಜಿಯೇ ಕಾರಣ. ಕನ್ನಡಿಯಲ್ಲಿ ಕಾಣುವ ಕೆಂಪು ಉಬ್ಬು ಮೂಗಿನೊಳಗಿನ ಸಹಜ ಮಡಿಕೆಯೇ ಆಗಿರಬಹುದು. ಇಎನ್‌ಟಿ ವೈದ್ಯರು ಎಂಡೋಸ್ಕೋಪಿಯಿಂದ ನೋಡಿದರೆ ಸಂಶಯ ತೀರುತ್ತದೆ. ಕೆಇಎಂ, ಸಯನ್ ಆಸ್ಪತ್ರೆಗಳಲ್ಲಿಯೂ ಈ ವಿಭಾಗವಿದೆ.

ನನಗೆ ಹೆಚ್ಚು ಚಿಂತೆ ಇರುವುದು ನಿಮ್ಮ ವಿಷಯದಲ್ಲಿ. ಆಸ್ತಮಾ ಮತ್ತು ಪಾಲಿಪ್ ಎರಡೂ ಇರುವ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದ ಕೆಲವೇ ಗಂಟೆಗಳೊಳಗೆ ಮೂಗು ಸುರಿದು, ಉಸಿರು ಕಟ್ಟಿ, ಪ್ರಾಣಕ್ಕೇ ಅಪಾಯವಾಗಬಹುದು. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯವರು ಕೊಟ್ಟ ಮಾತ್ರೆಯನ್ನು ದಯವಿಟ್ಟು ಕೇಳದೆ ತೆಗೆದುಕೊಳ್ಳಬೇಡಿ. ಇಂಥ ಮಾತ್ರೆಯಿಂದ ಹಿಂದೆ ಉಬ್ಬಸ ಕೆರಳಿದ್ದರೆ ವೈದ್ಯರಿಗೆ ಅವಶ್ಯ ತಿಳಿಸಿ.

ಪಾಲಿಪ್‌ಗೆ ಮೊದಲ ಚಿಕಿತ್ಸೆ ಸ್ಟಿರಾಯ್ಡ್ ನೇಸಲ್ ಸ್ಪ್ರೇ ಮತ್ತು ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು. ಶಸ್ತ್ರಚಿಕಿತ್ಸೆಯ ನಂತರವೂ ಅದು ಮರಳಿ ಬೆಳೆಯಬಹುದು, ಹಾಗಾಗಿ ಆಮೇಲೆಯೂ ವೈದ್ಯರು ಹೇಳುವವರೆಗೆ ಸ್ಪ್ರೇ ನಿಲ್ಲಿಸಬಾರದು. ಆಸ್ತಮಾದ ಇನ್‌ಹೇಲರನ್ನಂತೂ ಬಿಡಲೇಬಾರದು.