ಉಪ್ಪುನೀರಿನ ಅಕ್ವೇರಿಯಂ: ಮೊದಲು ನೀರು ಹದವಾಗಲಿ, ಆಮೇಲೆ ಮೀನು

ಪ್ರಶ್ನೆ: ಹಲವು ವರ್ಷಗಳಿಂದ ಮನೆಯಲ್ಲಿ ಗೋಲ್ಡ್ ಫಿಶ್, ಗಪ್ಪಿ ಸಾಕುತ್ತಿದ್ದೇವೆ. ಈಗ ಮಗಳಿಗೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಫಿಶ್ ಬೇಕಂತೆ. ಒಂದೂವರೆ ಅಡಿಯ ಹಳೇ ಟ್ಯಾಂಕ್ ಖಾಲಿ ಬಿದ್ದಿದೆ. ಪಣಂಬೂರು ಬೀಚ್ ಮನೆಗೆ ಹತ್ತಿರ, ಅಲ್ಲಿಂದಲೇ ಕ್ಯಾನ್‌ನಲ್ಲಿ ನೀರು ತರಬಹುದೇ? ಬ್ಯಾಕ್ಟೀರಿಯಾ ಬಾಟಲಿ ಸುರಿದರೆ ಅದೇ ದಿನ ಮೀನು ಬಿಡಬಹುದು ಎನ್ನುತ್ತಾರೆ ಅಂಗಡಿಯವರು. ಎರಡು ಕ್ಲೌನ್, ಒಂದು ಬ್ಲೂ ಟ್ಯಾಂಗ್, ಒಂದು ಕಡಲಕುದುರೆ, ಸ್ವಲ್ಪ ಹವಳದ ಕಲ್ಲು ಹಾಕಬೇಕೆಂದಿದ್ದೇವೆ. ಸರಿಯಾದೀತೇ?
– ಓದುಗರು, ಮಂಗಳೂರು

ಉತ್ತರ: ಕ್ಲೌನ್ ಫಿಶ್ ಆರಿಸಿದ್ದು ಒಳ್ಳೆಯದಾಯಿತು. ಹೊಸಬರು ಸಾಕಬಹುದಾದ ಸಮುದ್ರದ ಮೀನುಗಳಲ್ಲಿ ಅದಕ್ಕಿಂತ ಗಟ್ಟಿಮುಟ್ಟಾದವು ಕಡಿಮೆ. ನಿಮ್ಮ ಪಟ್ಟಿಯಲ್ಲಿ ಉಳಿದವನ್ನು ಕೈಬಿಡಿ ಎಂದೇ ಹೇಳಬೇಕಾಗಿದೆ.

ಕಡಲಕುದುರೆ ಮತ್ತು ಹವಳದ ವಿಷಯ ಮೊದಲು ಮುಗಿಸೋಣ. 2001ರಲ್ಲಿ ಇವೆರಡನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಯಿತು, ಅಂದರೆ ಹುಲಿ, ಆನೆಗಿದ್ದ ರಕ್ಷಣೆಯೇ ಇವಕ್ಕೂ ಸಿಕ್ಕಿತು. ಈಗಲೂ ಇವಕ್ಕೆ ಕಾಯ್ದೆಯ ರಕ್ಷಣೆ ಇದೆ. ನಮ್ಮ ಕಡಲಿನಿಂದ ತೆಗೆದ ಹವಳದ ಕಲ್ಲು ಅಂಗಡಿಯಲ್ಲಿ ಕಂಡರೂ ಕೊಳ್ಳಬೇಡಿ, ಅದು ಸತ್ತ ಹವಳದ ತುಂಡಾಗಿದ್ದರೂ ಸರಿ. ಸೆರಾಮಿಕ್‌ನಿಂದ ಮಾಡಿದ, ತೂತು ತೂತಿನ ಕೃತಕ ಕಲ್ಲು ಸಿಗುತ್ತದೆ. ನೀರಿನ ಕಲ್ಮಶ ಕಳೆಯುವ ಬ್ಯಾಕ್ಟೀರಿಯಾಕ್ಕೆ ಬೇಕಿರುವುದು ಅಂಟಿಕೊಳ್ಳಲು ಜಾಗ. ಆರು ತಿಂಗಳಲ್ಲಿ ಅದರ ಮೇಲೆ ನೇರಳೆ, ಹಸಿರು ಪಾಚಿ ಹತ್ತಿ, ಕೃತಕ ಕಲ್ಲೆಂದು ಗುರುತೇ ಸಿಗದಂತಾಗುತ್ತದೆ.

ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಬೆಳೆದರೆ ಹತ್ತಿರ ಹತ್ತಿರ ಒಂದಡಿ. ದಿನವಿಡೀ ದೂರ ದೂರ ಈಜುವ ಜೀವ ಅದು. ಸಣ್ಣ ತೊಟ್ಟಿಯಲ್ಲಿ ಸೊರಗಿ, ರೋಗ ಬಂದು ಸಾಯುತ್ತದೆ.

ಇನ್ನು ನೀರು. ಸಮುದ್ರ ಪಕ್ಕದಲ್ಲೇ ಇರುವಾಗ ಉಪ್ಪಿನ ಪುಡಿಗೆ ದುಡ್ಡು ಕೊಡುವುದೇಕೆ ಎಂದು ಕರಾವಳಿಯವರೆಲ್ಲ ಕೇಳುತ್ತಾರೆ. ಹವಳದ ದಿಬ್ಬಗಳ ಬಳಿ ನೀರಿನ ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ, ಕ್ಲೌನ್ ಫಿಶ್ ಆ ಸ್ಥಿರತೆಗೆ ಒಗ್ಗಿದ ಮೀನು. ಮಂಗಳೂರಿನ ದಡದ ನೀರು ಹಾಗಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೆಂಪು ನೀರನ್ನು ತಂದು ಸುರಿಯುವಾಗ ಉಪ್ಪು ತೆಳುವಾಗುತ್ತದೆ, ಹೂಳು ಬೆರೆಯುತ್ತದೆ. ಪಣಂಬೂರಿನ ಪಕ್ಕದಲ್ಲಿ ಬಂದರೂ ಇದೆ, ಹಡಗುಗಳ ಎಣ್ಣೆಯಂಶವನ್ನು ಮನೆಯಲ್ಲಿ ಸೋಸಿ ತೆಗೆಯಲಾಗದು. ಮೀನುಮರಿ ಉತ್ಪಾದನಾ ಕೇಂದ್ರಗಳು ಸಮುದ್ರದ ನೀರನ್ನೇ ಬಳಸುತ್ತವೆ ನಿಜ, ಆದರೆ ಮರಳಿನ ಫಿಲ್ಟರ್‌ನಲ್ಲಿ ಸೋಸಿ, ರೋಗಾಣು ಕೊಂದು ಬಳಸುತ್ತವೆ. ನಿಮಗೆ ಆರ್‌ಒ ನೀರು ಮತ್ತು ಅಕ್ವೇರಿಯಂ ಉಪ್ಪೇ ಸರಿ. ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಆಗದು. ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಸಮುದ್ರದಲ್ಲಿರುವ ಪ್ರಮಾಣದಲ್ಲಿ ಇರುವುದಿಲ್ಲ. ಮನೆಯ ಆರ್‌ಒ ಯಂತ್ರ ರುಚಿಗೆಂದು ಖನಿಜ ಬೆರೆಸುತ್ತಿದ್ದರೆ ಆ ಭಾಗವನ್ನು ಮುಚ್ಚಿಸಿ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು.

ನಿಮ್ಮ ಹಳೇ ಟ್ಯಾಂಕ್ ಬೇಡ. ನೀರು ಕಡಿಮೆಯಿದ್ದಷ್ಟೂ ಉಪ್ಪು, ಉಷ್ಣಾಂಶ, ಅಮೋನಿಯಾ ಬೇಗ ಏರುಪೇರಾಗುತ್ತವೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಸುಮಾರು 127 ಲೀಟರ್. ಕಲ್ಲು, ಮರಳು ಹಾಕಿ ಮೇಲೆ ಸ್ವಲ್ಪ ಬಿಟ್ಟರೆ 100 ಲೀಟರ್ ನೀರು ಹಿಡಿಯುತ್ತದೆ. ಹೊಸಬರಿಗೆ ಸಾಕಲು ಸುಲಭ ಇದೇ. ಒಟ್ಟು ಭಾರ ಒಂದೂವರೆ ಕ್ವಿಂಟಲ್ ಮುಟ್ಟಬಹುದು, ಟಿ.ವಿ. ಸ್ಟ್ಯಾಂಡ್ ಮೇಲೆ ಇಡಬೇಡಿ.

ಬಕೆಟ್‌ಗೆ ಮೊದಲು ನೀರು, ಆಮೇಲೆ ಉಪ್ಪು. 100 ಲೀಟರಿಗೆ ಮೂರೂವರೆಯಿಂದ ನಾಲ್ಕು ಕೆ.ಜಿ. ಬೇಕಾಗುತ್ತದೆ. ಸಣ್ಣ ಪಂಪ್ ಹಾಕಿ ರಾತ್ರಿಯಿಡೀ ತಿರುಗಲು ಬಿಡಿ. ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಗುಳ್ಳೆಯಿಲ್ಲದಂತೆ ಮುಚ್ಚಳ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ, ಅವೆರಡೂ ಸೇರುವ ಗೆರೆ ಸಾಪೇಕ್ಷ ಸಾಂದ್ರತೆಯ ಪಟ್ಟಿಯಲ್ಲಿ 1.025ರಲ್ಲಿ ನಿಲ್ಲಬೇಕು. ನೋಡಿದ ಮೇಲೆ ಗಾಜನ್ನು ಆರ್‌ಒ ನೀರಿನಲ್ಲಿ ತೊಳೆದು ಒರೆಸಿಡಿ, ಒಣಗಿದ ಉಪ್ಪಿನ ಪೊರೆ ಉಳಿದರೆ ಮುಂದಿನ ಅಳತೆ ತಪ್ಪುತ್ತದೆ. ಟ್ಯಾಂಕ್‌ನಲ್ಲಿ ದಿನವೂ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ ಕಡಿಮೆಯಾದಷ್ಟನ್ನು ಬರೀ ಆರ್‌ಒ ನೀರಿನಿಂದ ತುಂಬಿಸಿ. ಹೊಸಬರು ಉಪ್ಪುನೀರನ್ನೇ ಮತ್ತೆ ಮತ್ತೆ ಸುರಿದು ತಿಂಗಳೊಳಗೆ ಲವಣಾಂಶ ಏರಿಸಿಬಿಡುತ್ತಾರೆ.

ಬ್ಯಾಕ್ಟೀರಿಯಾ ಬಾಟಲಿ ಸುಳ್ಳಲ್ಲ, ಕೆಲಸ ಬೇಗ ಶುರುವಾಗುತ್ತದೆ. ಆದರೆ ಅದೇ ದಿನ ಮೀನು ಬಿಡುವುದನ್ನು ನಾನು ಒಪ್ಪಲಾರೆ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಕಲ್ಲು, ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗೋಲ್ಡ್ ಫಿಶ್ ಸಾಕಿದವರು ಇದನ್ನು ಹಗುರವಾಗಿ ಕಾಣಬಾರದು. ಸಮುದ್ರದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.2ರ ಆಸುಪಾಸು. ಅದೇ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಪಾಲು, ಪಿಎಚ್ 7ರಲ್ಲಿ ಇರುವುದಕ್ಕಿಂತ ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು.

ಮೀನಿಲ್ಲದ ಟ್ಯಾಂಕ್‌ಗೆ ಅಕ್ವೇರಿಯಂ ಬಳಕೆಯ ಅಮೋನಿಯಾ ಹಾಕಿ 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತನ್ನಿ. ಟೆಸ್ಟ್ ಕಿಟ್‌ನಲ್ಲಿ ನೋಡುತ್ತಿರಿ. ಹಾಕಿದ 2 ಪಿಪಿಎಂ ಇಪ್ಪತ್ತನಾಲ್ಕು ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದ ದಿನ ಟ್ಯಾಂಕ್ ಸಿದ್ಧ. ಪ್ರತಿ ಪರೀಕ್ಷೆಯನ್ನೂ ಮಗಳ ಕೈಯಲ್ಲೇ ಮಾಡಿಸಿ, ಬಣ್ಣ ಬದಲಾಗುವುದನ್ನು ಅವಳು ಬರೆದಿಡಲಿ.

ಆಮೇಲೆ ಎರಡು ಕ್ಲೌನ್, ಒಂದು ದೊಡ್ಡದು, ಒಂದು ಚಿಕ್ಕದು. ಇವು ಹುಟ್ಟುವಾಗ ಎಲ್ಲವೂ ಗಂಡು, ಜೊತೆಯಲ್ಲಿ ದೊಡ್ಡದೇ ಹೆಣ್ಣಾಗುತ್ತದೆ. ಸಮಗಾತ್ರದ ದೊಡ್ಡ ಮೀನುಗಳು ಕಚ್ಚಾಡಬಹುದು. ಸಮುದ್ರದಲ್ಲಿ ಹಿಡಿದದ್ದನ್ನಲ್ಲ, ಮರಿ ಮಾಡಿಸಿದ್ದನ್ನೇ ಕೇಳಿ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಜಾತಿಯ ಕ್ಲೌನ್ ಫಿಶ್‌ಗಳ ಮರಿ ಉತ್ಪಾದನಾ ವಿಧಾನವನ್ನು ನಮ್ಮಲ್ಲೇ ರೂಪಿಸಿದೆ. ಕ್ಲೌನ್ ಆಸರೆ ಪಡೆಯುವ, ಹೂವಿನಂತೆ ಕಾಣುವ ಕಡಲಜೀವಿ ಅನಿಮೋನ್ ಈಗಲೇ ಬೇಡ, ಅದಿಲ್ಲದೆಯೂ ಕ್ಲೌನ್ ನೆಮ್ಮದಿಯಾಗಿರುತ್ತದೆ. ಒಂದು ತಿಂಗಳು ಕಳೆದ ಮೇಲೆ ಕೆಲವು ಬಸವನಹುಳು, ಒಂದು ಕ್ಲೀನರ್ ಸೀಗಡಿ, ಒಂದು ಗೋಬಿ ಮೀನು ಸೇರಿಸಬಹುದು. 100 ಲೀಟರಿಗೆ ಅಷ್ಟೇ ಸಾಕು. ಗೋಬಿ ಜಿಗಿಯುತ್ತದೆ, ಮೇಲೆ ಬಲೆ ಹಾಸಿ. ವಾರಕ್ಕೊಮ್ಮೆ 10 ಲೀಟರ್ ನೀರು ಬದಲಿಸಿ.

ನೀರು 25ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ ಸಣ್ಣ ಫ್ಯಾನ್ ಬೀಸಿದರೆ ಆವಿಯಾಗುತ್ತಾ ಎರಡು ಡಿಗ್ರಿ ಇಳಿಯುತ್ತದೆ, ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ಆಗದು. ಏಪ್ರಿಲ್, ಮೇಗೆ ನೀರು ತಣಿಸುವ ಸಣ್ಣ ಚಿಲ್ಲರ್ ಬೇಕಾಗಬಹುದು, ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ನೀರು ಕಲಕುವ ಪಂಪನ್ನು ಇನ್ವರ್ಟರ್‌ಗೆ ಜೋಡಿಸಿ, ಕರೆಂಟ್ ಹೋದಾಗ ಆಮ್ಲಜನಕ ಕಡಿಮೆಯಾಗದಿರಲಿ. ಆ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ, ಸೊಳ್ಳೆ ಬತ್ತಿ ಬೇಡವೇ ಬೇಡ. ಆ ಕೀಟನಾಶಕ ಸೀಗಡಿಗೂ ಮೀನಿಗೂ ವಿಷ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ.

ಪ್ರಶ್ನೆ: ಹೊಸ ಕ್ಲೌನ್ ಮೈಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆ ಬಂದಿದೆ. ತಾಮ್ರದ ಔಷಧಿ ಟ್ಯಾಂಕ್‌ಗೆ ಹಾಕಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ಆ ಟ್ಯಾಂಕ್‌ಗೆ ಹಾಕಬೇಡಿ. ತಾಮ್ರ ಕಲ್ಲು, ಮರಳಿನಲ್ಲಿ ಉಳಿದುಬಿಡುತ್ತದೆ. ಸೀಗಡಿ, ಬಸವನಹುಳು ಸಾಯುತ್ತವೆ. ಎಲ್ಲ ಮೀನುಗಳನ್ನೂ ಕಲ್ಲು, ಮರಳಿಲ್ಲದ ಬೇರೆ ತೊಟ್ಟಿಗೆ ವರ್ಗಾಯಿಸಿ, ಔಷಧಿಯನ್ನು ತಾಮ್ರದ ಟೆಸ್ಟ್ ಕಿಟ್ ನೋಡುತ್ತಲೇ ಅಲ್ಲಿ ಕೊಡಿ. ಚುಕ್ಕೆ ಮಾಯವಾದ ಕೂಡಲೇ ವಾಪಸು ಬಿಡಬೇಡಿ. ಈ ಪರೋಪಜೀವಿಯ ಗೂಡುಗಳು ಮರಳಿನಲ್ಲಿ ವಾರಗಟ್ಟಲೆ ಉಳಿಯುತ್ತವೆ, ದೊಡ್ಡ ಟ್ಯಾಂಕ್ ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಓಡಲಿ. ಮುಂದೆ ತರುವ ಪ್ರತಿ ಮೀನನ್ನೂ ಒಂದು ತಿಂಗಳು ಅದೇ ಬೇರೆ ತೊಟ್ಟಿಯಲ್ಲಿ ಇರಿಸಿ ನೋಡಿ.